ತಪ್ಪಿದ್ದರೂ ನಿಲ್ಲದೆ ಆಡುವ ತಂತ್ರಾಂಶ

ಬೋರ್ಡ್ ಆಟ ಆಡುವ ತಂತ್ರಾಂಶಗಳನ್ನು ಬರೆಯುವುದೇ ನನ್ನ ವೃತ್ತಿ ಎಂದು ತಿಳಿದವರು ಸಾಮಾನ್ಯವಾಗಿ ಕೇಳುವುದು, ಯಂತ್ರಕ್ಕೆ ಯೋಚಿಸಲು ಹೇಗೆ ಕಲಿಸುತ್ತೀರಿ ಎಂದು. ಇಷ್ಟು ವರ್ಷಗಳ ಕೆಲಸದಲ್ಲಿ ನನಗೆ ಅದಕ್ಕಿಂತ ಕಠಿಣವೆನಿಸಿದ ಪ್ರಶ್ನೆ ಬೇರೆಯೇ ಇದೆ: ಯಂತ್ರ ತಪ್ಪಾಗಿ ಯೋಚಿಸುತ್ತಿದ್ದರೆ ಅದು ನಮಗೆ ಗೊತ್ತಾಗುವುದು ಹೇಗೆ? ಲೆಕ್ಕಪತ್ರದ ತಂತ್ರಾಂಶದಲ್ಲಿ ದೋಷವಿದ್ದರೆ ಜಮಾ-ಖರ್ಚು ತಾಳೆಯಾಗುವುದಿಲ್ಲ, ಯಾರಾದರೂ ದೂರು ಕೊಡುತ್ತಾರೆ. ಚದುರಂಗದ ತಂತ್ರಾಂಶದಲ್ಲಿ ದೋಷವಿದ್ದರೆ ಅದು ಎಂದಿನಂತೆ ಆಡುತ್ತಲೇ ಇರುತ್ತದೆ, ಆಡಬೇಕಾದುದಕ್ಕಿಂತ ಸ್ವಲ್ಪ ಕಳಪೆಯಾಗಿ.

ಯೋಚನೆಯ ಚೌಕಟ್ಟು ಹಳೆಯದು. ಗಣಿತಜ್ಞ ಕ್ಲಾಡ್ ಶ್ಯಾನನ್ 1950ರಲ್ಲೇ ಅದನ್ನು ಬರೆದಿಟ್ಟರು: ನನ್ನ ನಡೆ, ಅದಕ್ಕೆ ಎದುರಾಳಿಯ ಉತ್ತರ, ಅದಕ್ಕೆ ನನ್ನ ಮರುನಡೆ ಎಂದು ಕವಲೊಡೆಯುವ ಮರವನ್ನು ಒಂದಷ್ಟು ಆಳದವರೆಗೆ ಹುಡುಕಿ, ತುದಿಯಲ್ಲಿರುವ ಸ್ಥಿತಿಗಳಿಗೆ ಅಂಕ ಕೊಟ್ಟು, ಎದುರಾಳಿ ಅತ್ಯುತ್ತಮವಾಗಿ ಆಡಿದರೂ ನಮಗೆ ಹೆಚ್ಚು ಅಂಕ ಉಳಿಸುವ ನಡೆಯನ್ನು ಆರಿಸುವುದು. ನೋಡುವ ಅಗತ್ಯವೇ ಇಲ್ಲದ ಕವಲುಗಳನ್ನು ಕತ್ತರಿಸುವ ಆಲ್ಫಾ-ಬೀಟಾ ವಿಧಾನ ಇದಕ್ಕೆ ಸೇರಿದಾಗ, ನಡೆಗಳ ಕ್ರಮ ಚೆನ್ನಾಗಿದ್ದರೆ, ಅದೇ ಸಮಯದಲ್ಲಿ ಹೆಚ್ಚುಕಡಿಮೆ ಎರಡರಷ್ಟು ಆಳಕ್ಕೆ ಹೋಗಬಹುದು. 1997ರಲ್ಲಿ ಚದುರಂಗದ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಸೋಲಿಸಿದ ಐಬಿಎಂ ಕಂಪನಿಯ ಕಂಪ್ಯೂಟರ್ ಡೀಪ್ ಬ್ಲೂ ಈ ದಾರಿಯಲ್ಲೇ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು.

ಆದರೆ ಈ ಮರದ ಬುಡದಲ್ಲಿರುವುದು ಆಟದ ನಿಯಮ. ಅಲ್ಲಿ ತಪ್ಪಿದರೆ ಮೇಲಿನದೆಲ್ಲ ವ್ಯರ್ಥ. ಅದಕ್ಕಾಗಿ ನಾವು ಬಳಸುವ ಪರೀಕ್ಷೆಯ ಹೆಸರು ಪರ್ಫ್ಟ್. ಒಂದು ಸ್ಥಿತಿಯಿಂದ ಇಷ್ಟು ನಡೆಗಳ ಆಳದವರೆಗೆ ಒಟ್ಟು ಎಷ್ಟು ದಾರಿಗಳಿವೆ ಎಂದು ಯಂತ್ರದಿಂದ ಎಣಿಸಿ, ಎಲ್ಲರೂ ಒಪ್ಪಿರುವ ಸಂಖ್ಯೆಯೊಡನೆ ತಾಳೆ ನೋಡುವುದೇ ಆ ಪರೀಕ್ಷೆ. ಚದುರಂಗದ ಆರಂಭದ ಸ್ಥಿತಿಯಿಂದ ಒಂದು ನಡೆಗೆ 20, ಎರಡಕ್ಕೆ 400, ಮೂರಕ್ಕೆ 8,902, ನಾಲ್ಕಕ್ಕೆ 1,97,281, ಐದಕ್ಕೆ 48,65,609 ಬರಬೇಕು. ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಕಾಲಾಳನ್ನು, ಅದು ಒಂದೇ ಮನೆ ನಡೆದಿತ್ತೆಂಬಂತೆ, ಮರುನಡೆಯಲ್ಲೇ ಹೊಡೆಯುವ ಎನ್ ಪಾಸಾಂ ನಿಯಮವನ್ನು ಬರೆಯಲು ಮರೆತವರಿಗೆ ನಾಲ್ಕನೆಯ ಹಂತದವರೆಗೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ಐದನೆಯ ಹಂತದಲ್ಲಿ ಮಾತ್ರ ಲೆಕ್ಕ 258 ಕಡಿಮೆ ಬರುತ್ತದೆ.

ನಾನು ಆ ನಿಯಮವನ್ನು ಮರೆತಿರಲಿಲ್ಲ. ನನ್ನ ತಪ್ಪು ಇನ್ನೂ ಸೂಕ್ಷ್ಮವಾಗಿತ್ತು. ಪರೀಕ್ಷೆಗೆಂದೇ ಬಳಸುವ ಒಂದು ಸ್ಥಿತಿಯಲ್ಲಿ ಬಿ4ರಲ್ಲಿ ಬಿಳಿಯ ಆನೆ, ಅದೇ ಸಾಲಿನ ಎಚ್4ರಲ್ಲಿ ಕಪ್ಪು ರಾಜ, ನಡುವೆ ಎಫ್4ರಲ್ಲಿ ಕಪ್ಪು ಕಾಲಾಳು ಇರುತ್ತವೆ. ಬಿಳಿಯ ಕಾಲಾಳು ಇ2ರಿಂದ ಇ4ಕ್ಕೆ ಹಾರಿದರೆ ಅದನ್ನು ಎನ್ ಪಾಸಾಂ ಮೂಲಕ ಹೊಡೆಯಬಹುದೆಂದು ತೋರುತ್ತದೆ. ಆದರೆ ಹಾಗೆ ಹೊಡೆದರೆ ಹೊಡೆದ ಕಾಲಾಳು, ಹೊಡೆಸಿಕೊಂಡ ಕಾಲಾಳು ಎರಡೂ ಒಮ್ಮೆಗೇ ಆ ಸಾಲಿನಿಂದ ಹೋಗುತ್ತವೆ, ರಾಜ ನೇರವಾಗಿ ಆನೆಯ ಬಾಯಿಗೆ ಬೀಳುತ್ತಾನೆ. ಆದ್ದರಿಂದ ಆ ನಡೆ ನಿಷಿದ್ಧ. ರಾಜನ ಮುಂದೆ ಒಂದೇ ಕಾಯಿ ಅಡ್ಡವಿದ್ದರೆ ಮಾತ್ರ ನನ್ನ ಪ್ರೋಗ್ರಾಂ ಅಪಾಯವನ್ನು ಗುರುತಿಸುತ್ತಿತ್ತು. ಜಿ2ರ ಕಾಲಾಳು ಜಿ4ಕ್ಕೆ ಹಾರಿದಾಗಲೂ ಅದೇ ತಪ್ಪು. ಎರಡು ನಡೆಗಳ ಆಳಕ್ಕೆ 191 ಬರಬೇಕಾದಲ್ಲಿ 193 ಬಂದಿತು. ಅದಕ್ಕೆ ಮೊದಲು ಆ ಪ್ರೋಗ್ರಾಂ ತಿಂಗಳುಗಟ್ಟಲೆ ಆಟವಾಡಿತ್ತು. ಯಾರೂ ದೋಷವನ್ನು ಗಮನಿಸಿರಲಿಲ್ಲ. ಅಂದಿನಿಂದ ನಾನು ಪರ್ಫ್ಟ್ ತಾಳೆಯಾಗುವ ಮೊದಲು ಆಟದ ಬುದ್ಧಿಯ ಭಾಗದ ಒಂದು ಸಾಲನ್ನೂ ಬರೆಯುವುದಿಲ್ಲ, ನನ್ನ ಕೈಕೆಳಗಿನ ಕಿರಿಯರಿಗೂ ಬರೆಯಲು ಬಿಡುವುದಿಲ್ಲ.

ಸ್ವತಃ ತನ್ನೊಡನೆ ಆಡಿಕೊಂಡು ಕಲಿಯುವ ನರಜಾಲಗಳ ಕಾಲದಲ್ಲಿ ಈ ಎಚ್ಚರ ಬೇಕಿಲ್ಲವೆಂದು ಕೆಲವರು ಭಾವಿಸುತ್ತಾರೆ. 2017ರ ಆಲ್ಫಾಜೀರೋ ಎಂಬ ಇಂಥ ಪ್ರೋಗ್ರಾಂ ಮನುಷ್ಯರ ಆಟಗಳನ್ನು ನೋಡದೆಯೇ ಕಲಿತಿತು ನಿಜ, ಆದರೆ ನಿಯಮಗಳನ್ನು ಅದಕ್ಕೂ ಮನುಷ್ಯರೇ ಕೊಟ್ಟಿದ್ದರು. ಆ ನಿಯಮದಲ್ಲೇ ದೋಷವಿದ್ದರೆ ಜಾಲವು ಬೇರೊಂದು ಆಟವನ್ನೇ ಶ್ರದ್ಧೆಯಿಂದ ಕಲಿತುಬಿಡುತ್ತದೆ.

ನಿಯಮ ಸರಿಯಾದ ಮೇಲೆ, ಮಾಡಿದ ಬದಲಾವಣೆಯಿಂದ ಆಟ ಸುಧಾರಿಸಿತೇ ಎಂಬ ಪ್ರಶ್ನೆ ಉಳಿಯುತ್ತದೆ. ಹೊಸ ಆವೃತ್ತಿ ಹಳೆಯದರ ಎದುರು 100 ಆಟಗಳಲ್ಲಿ 55 ಅಂಕ ಗಳಿಸಿದರೆ ಹೊಸಬರು ಸಂಭ್ರಮಿಸುತ್ತಾರೆ, ನಾನೂ ಸಂಭ್ರಮಿಸಿದ್ದೆ. ಆದರೆ ಸಮಬಲದ ಎರಡು ಪ್ರೋಗ್ರಾಂಗಳ ನಡುವೆಯೂ ಅಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರಬಹುದು. ಆಟದ ಬಲವನ್ನು ಅಳೆಯುವ ಎಲೋ ಮಾಪನದಲ್ಲಿ ಒಂದೆರಡು ಅಂಕಗಳ ಸುಧಾರಣೆಯನ್ನು ನಂಬಿಕೆಯಿಂದ ಹೇಳಲು ಹತ್ತಾರು ಸಾವಿರ ಆಟಗಳು ಬೇಕು. ಸ್ಟಾಕ್‌ಫಿಶ್ ಎಂಬ ಚದುರಂಗದ ಪ್ರೋಗ್ರಾಂ ಕಟ್ಟುವ ಬಳಗವು ಸ್ವಯಂಸೇವಕರ ಕಂಪ್ಯೂಟರುಗಳನ್ನು ಒಟ್ಟುಗೂಡಿಸಿ ಪ್ರತಿ ಬದಲಾವಣೆಯನ್ನೂ ಹೀಗೆಯೇ ಪರೀಕ್ಷಿಸುತ್ತದೆ. ಆ ಪ್ರೋಗ್ರಾಂ ಅಷ್ಟು ಎತ್ತರಕ್ಕೇರಿದ್ದರಲ್ಲಿ ಹೊಸ ಹೊಳಹುಗಳಷ್ಟೇ ಪಾಲು ಈ ಶಿಸ್ತಿಗೂ ಇದೆಯೆಂಬುದು ನನ್ನ ಅಭಿಪ್ರಾಯ.

ಆದರೆ ಸಂಬಳಕ್ಕೆ ಈ ಕೆಲಸ ಮಾಡುವವರಿಂದ ಬಳಕೆದಾರರು ಬಯಸುವುದು ಬಲವಾದ ಯಂತ್ರವನ್ನಲ್ಲ. ತಮ್ಮ ಮಟ್ಟದಲ್ಲಿ ಆಡುವ, ಕೆಲವೊಮ್ಮೆ ಸೋಲುವ ಎದುರಾಳಿಯನ್ನು. ಬಲವನ್ನು ತಗ್ಗಿಸುವುದು ಹೆಚ್ಚಿಸುವುದಕ್ಕಿಂತ ಕಷ್ಟ. ಆಗಾಗ ಯಾದೃಚ್ಛಿಕ ನಡೆಯೊಂದನ್ನು ಸೇರಿಸಿದರೆ ಯಂತ್ರವು ಹತ್ತು ನಡೆ ಗ್ರ್ಯಾಂಡ್‌ಮಾಸ್ಟರನಂತೆ ಆಡಿ, ಹನ್ನೊಂದನೆಯದರಲ್ಲಿ ಕಾರಣವೇ ಇಲ್ಲದೆ ಮಂತ್ರಿಯನ್ನು ಬಿಟ್ಟುಕೊಡುತ್ತದೆ. ಮನುಷ್ಯರು ಹಾಗೆ ತಪ್ಪುವುದಿಲ್ಲ. ದೂರದ ಮೂಲೆಯಿಂದ ಬರುವ ಒಂಟೆಯನ್ನು ಗಮನಿಸದೆ, ಕುದುರೆ ಹಿಂದಕ್ಕೆ ಜಿಗಿಯುವುದನ್ನು ಕಾಣದೆ ತಪ್ಪುತ್ತಾರೆ. ಸಾಮಾನ್ಯ ಆಟಗಾರರ ಲಕ್ಷಾಂತರ ಆಟಗಳಿಂದ ಮನುಷ್ಯರ ನಡೆಗಳನ್ನೇ ಊಹಿಸಲು ಕಲಿತ ಮಾಯಾದಂಥ ಪ್ರೋಗ್ರಾಂಗಳು ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ ಇಟ್ಟಿವೆ. ಆದರೆ ಸೋತ ಯಂತ್ರ ಸಹಜವಾಗಿ ಸೋತಿತೇ ಎಂದು ತಾಳೆ ನೋಡಲು 191ರಂಥ ಸಂಖ್ಯೆ ಇಲ್ಲಿಲ್ಲ. ಹಾಗಾಗಿ ಪ್ರತಿ ಆವೃತ್ತಿಗೂ ನಾನು ಹತ್ತಾರು ಜನ ಸಾಮಾನ್ಯ ಆಟಗಾರರ ಪಕ್ಕದಲ್ಲಿ ಕುಳಿತು ನೋಡುತ್ತೇನೆ. ಯಂತ್ರ ತಪ್ಪು ನಡೆ ಆಡಿದಾಗ ಅವರು ಆ ಮನೆಯನ್ನು ದಿಟ್ಟಿಸಿ ಯೋಚಿಸಿದರೆ ಅದನ್ನು ಹಾಗೆಯೇ ಬಿಡುತ್ತೇನೆ. ಅವರು ತಲೆಯೆತ್ತಿ ನನ್ನ ಮುಖ ನೋಡಿದರೆ ಆ ನಡೆಯನ್ನು ಬರೆದಿಟ್ಟುಕೊಳ್ಳುತ್ತೇನೆ.