ಗ್ಯಾಸ್ ಮಾತ್ರೆ ಹೊಟ್ಟೆಯ ಬ್ಯಾಕ್ಟೀರಿಯಾವನ್ನು ಸಾಯಿಸುತ್ತದೆಯೇ?

ಪ್ರಶ್ನೆ: ಆರು ತಿಂಗಳಿಂದ ಎದೆಗೂಡಿನ ಕೆಳಗೆ ಉರಿ. ಪ್ಯಾಂಟೊಪ್ರಜೋಲ್ ನುಂಗಿದರೆ ಆರಾಮ, ಬಿಟ್ಟ ಹದಿನೈದು ದಿನಕ್ಕೆ ಮತ್ತೆ ಶುರು. ಈಗ ಡಾಕ್ಟರು ಹೆಚ್. ಪೈಲೋರಿ ಪರೀಕ್ಷೆ ಬರೆದು, ಎರಡು ವಾರ ಆ ಮಾತ್ರೆ ಮುಟ್ಟಬೇಡಿ ಅಂದಿದ್ದಾರೆ. ಆಮ್ಲ ಇಳಿಸುವ ಮಾತ್ರೆಗೂ ಬ್ಯಾಕ್ಟೀರಿಯಾ ಪರೀಕ್ಷೆಗೂ ಏನು ಸಂಬಂಧ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಸಂಬಂಧ ಇದೆ. ಆ ಮಾತ್ರೆ ಬ್ಯಾಕ್ಟೀರಿಯಾವನ್ನು ಕುಗ್ಗಿಸುತ್ತದೆ, ಆದರೆ ಸಾಯಿಸುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಹೊಲಕ್ಕೆ ಯೂರಿಯಾ ಎರಚಿ ನೀರು ಕಟ್ಟದೆ ಬಿಟ್ಟರೆ ಮೂಗಿಗೆ ಘಾಟು ಹೊಡೆಯುತ್ತದಲ್ಲ, ಅದು ಅಮೋನಿಯಾ. ಮಣ್ಣಿನ ಜೀವಾಣುಗಳು ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದಾಗ ಬರುವಂಥದ್ದು. ಹೆಲಿಕೋಬ್ಯಾಕ್ಟರ್ ಪೈಲೋರಿ ನಮ್ಮ ಜಠರದಲ್ಲಿ ಮಾಡುವುದೂ ಇದನ್ನೇ. ನಮ್ಮ ರಕ್ತದಿಂದ ಜಠರದ ರಸಕ್ಕೆ ಬರುವ ಅಲ್ಪಸ್ವಲ್ಪ ಯೂರಿಯಾವನ್ನು ಒಳಗೆಳೆದುಕೊಂಡು, ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಅಮೋನಿಯಾ ತನ್ನ ಸುತ್ತಲಿನ ಆಮ್ಲವನ್ನು ಮುರಿಯುವುದರಿಂದ, ಬೇರೆ ಬ್ಯಾಕ್ಟೀರಿಯಾ ಉಳಿಯಲಾರದ ಕಡೆ ಇದು ವರ್ಷಗಟ್ಟಲೆ ಬದುಕುತ್ತದೆ. ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಇದನ್ನು ಬೆಳೆಸಿ ತೋರಿಸುವವರೆಗೆ ಹೊಟ್ಟೆ ಹುಣ್ಣಿಗೆ ಖಾರ, ಚಿಂತೆಗಳನ್ನೇ ದೂರುತ್ತಿದ್ದರು. ಅವರಿಬ್ಬರಿಗೆ 2005ರಲ್ಲಿ ನೊಬೆಲ್ ಬಂತು.

ನಿಮ್ಮ ಪರೀಕ್ಷೆ ಹುಡುಕುವುದು ಬಹುಪಾಲು ಈ ಯೂರಿಯೇಸನ್ನೇ. ಎಂಡೋಸ್ಕೋಪಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಚೂರು ತೆಗೆದು, ಯೂರಿಯಾ ಬೆರೆಸಿದ ಹಳದಿ ಜೆಲ್‌ನಲ್ಲಿ ಅದ್ದುತ್ತಾರೆ. ಕಿಣ್ವ ಇದ್ದರೆ ಅಮೋನಿಯಾ ಹುಟ್ಟಿ ಹಳದಿ ಗುಲಾಬಿಗೆ ತಿರುಗುತ್ತದೆ. ಬ್ಯಾಕ್ಟೀರಿಯಾ ದಂಡಿಯಾಗಿದ್ದರೆ ಕೆಲವೇ ನಿಮಿಷ, ಕಡಿಮೆಯಿದ್ದರೆ ಗಂಟೆಗಟ್ಟಲೆ. ಉಸಿರಿನ ಪರೀಕ್ಷೆಯಲ್ಲಿ ಗುರುತು ಹಾಕಿದ ಇಂಗಾಲವಿರುವ ಯೂರಿಯಾ ಕುಡಿಸಿ, ಅದು ಉಸಿರಲ್ಲಿ ಹೊರಬರುತ್ತದೆಯೇ ಎಂದು ನೋಡುತ್ತಾರೆ.

ಈಗ ಮಾತ್ರೆಗೆ ಬರೋಣ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಕರುಳಿನಲ್ಲಿ ಕರಗಿ, ರಕ್ತದ ಮೂಲಕ ಆಮ್ಲ ಸುರಿಸುವ ಜೀವಕೋಶ ತಲುಪುತ್ತವೆ. ಅಲ್ಲಿನ ತೀಕ್ಷ್ಣ ಆಮ್ಲದಲ್ಲೇ ರೂಪ ಬದಲಿಸಿ, ಆಮ್ಲದ ಪಂಪಿನಲ್ಲಿರುವ ಸಿಸ್ಟೀನ್ ಎಂಬ ಗಂಧಕದ ಕೊಂಡಿಗೆ ಕಚ್ಚಿಕೊಳ್ಳುತ್ತವೆ. ಯೂರಿಯೇಸ್ ಕಿಣ್ವದಲ್ಲೂ ಇಂಥ ಸಿಸ್ಟೀನ್ ಇದೆ. ಪ್ರಯೋಗಾಲಯದಲ್ಲಿ ಒಮೆಪ್ರಜೋಲ್, ಲ್ಯಾನ್ಸೊಪ್ರಜೋಲ್ ಅದನ್ನೂ ಕಟ್ಟಿಹಾಕುತ್ತವೆ. ಜೊತೆಗೆ, ಆಮ್ಲ ಇಳಿದ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಇಳಿಯುತ್ತದೆ, ಉಳಿದವು ಜಠರದ ಮೇಲ್ಭಾಗಕ್ಕೆ ಸರಿಯುತ್ತವೆ. ಜೆಲ್ ಹಳದಿಯಾಗಿಯೇ ಉಳಿದು ‘ಇಲ್ಲ’ ಎಂಬ ವರದಿ ಬರಬಹುದು, ರೋಗ ಒಳಗೇ ಇರುತ್ತದೆ. ಎರಡು ವಾರ ಬಿಡಿ ಎನ್ನುವುದು ಇದಕ್ಕೇ. ಆ್ಯಂಟಿಬಯೋಟಿಕ್ ಮತ್ತು ಬಿಸ್ಮತ್ ಎಂಬ ಹೊಟ್ಟೆಯ ಔಷಧ ಆದರೆ ನಾಲ್ಕು ವಾರ ಬಿಡಬೇಕು. ನಡುವೆ ಉರಿ ತಡೆಯದಿದ್ದರೆ ಆ್ಯಂಟಾಸಿಡ್ ದ್ರವ ಸಾಮಾನ್ಯವಾಗಿ ಸಾಕು, ಡಾಕ್ಟರನ್ನು ಕೇಳಿ ಕುಡಿಯಿರಿ. ಹುಣ್ಣಿನಿಂದ ರಕ್ತ ಹೋಗಿದ್ದವರು, ಹೃದಯಕ್ಕೆ ಆಸ್ಪಿರಿನ್ ತಿನ್ನುವವರು ಗ್ಯಾಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸಲೇಬಾರದು.

ಬ್ಯಾಕ್ಟೀರಿಯಾ ಇರುವುದು ಖಚಿತವಾದರೆ ಇದೇ ಮಾತ್ರೆ ಆ್ಯಂಟಿಬಯೋಟಿಕ್‌ಗಳಿಗೆ ಬೆನ್ನೆಲುಬು. ಅಮಾಕ್ಸಿಸಿಲಿನ್ ಹೊಡೆಯುವುದು ಹುಟ್ಟಿ ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು. ಆಮ್ಲ ಇಳಿದಾಗ ಒಟ್ಟು ಸಂಖ್ಯೆ ಇಳಿದರೂ, ಉಳಿದ ಪೈಲೋರಿ ಒಡೆದು ಎರಡಾಗಲು ಶುರುಮಾಡಿ ಔಷಧದ ಕೈಗೆ ಸಿಗುತ್ತದೆ. ಹಳೆಯ ಚೀಟಿಯಲ್ಲಿ ಗ್ಯಾಸ್ ಮಾತ್ರೆ, ಅಮಾಕ್ಸಿಸಿಲಿನ್ 1 ಗ್ರಾಂ, ಕ್ಲಾರಿಥ್ರೊಮೈಸಿನ್ 500 ಮಿಲಿಗ್ರಾಂ, ಮೂರೂ ದಿನಕ್ಕೆರಡು ಸಲ, 14 ದಿನ ಇರುತ್ತಿತ್ತು. ನಮ್ಮಲ್ಲಿ ಕ್ಲಾರಿಥ್ರೊಮೈಸಿನ್‌ಗೆ ಬಗ್ಗದ ತಳಿಗಳು ಹೆಚ್ಚಿರುವುದರಿಂದ ಬಿಸ್ಮತ್ ಸೇರಿಸಿದ ನಾಲ್ಕು ಔಷಧಗಳ ಕೋರ್ಸ್ ಮೇಲು ಅನ್ನುವುದು ನಮ್ಮ ಅಭಿಪ್ರಾಯ. ಬಿಸ್ಮತ್ ಕೂಡ ಯೂರಿಯೇಸನ್ನು ಅಡ್ಡಗಟ್ಟುತ್ತದೆ. ಅದರಿಂದ ಮಲ, ನಾಲಿಗೆ ಕಪ್ಪಾದರೆ ಗಾಬರಿ ಬೇಡ. ಆದರೆ ಟಾರಿನಂತೆ ಅಂಟುವ, ಕೆಟ್ಟ ನಾತದ ಕಪ್ಪು ಮಲ ಅಥವಾ ರಕ್ತದ ವಾಂತಿ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಕೋರ್ಸಿನಲ್ಲಿ ಗ್ಯಾಸ್ ಮಾತ್ರೆ ನುಂಗುವ ಹೊತ್ತು ಬಹಳ ಮುಖ್ಯ. ಅದು ಹಿಡಿಯುವುದು ಕೆಲಸಕ್ಕಿಳಿದ ಪಂಪುಗಳನ್ನು ಮಾತ್ರ, ಪಂಪುಗಳನ್ನು ಎಬ್ಬಿಸುವುದು ಊಟ. ರಕ್ತದಲ್ಲಿ ಔಷಧ ಒಂದೆರಡು ಗಂಟೆಯಲ್ಲೇ ಅರ್ಧಕ್ಕಿಳಿಯುತ್ತದೆ. ಹಾಗಾಗಿ ತಿಂಡಿಗೆ ಅರ್ಧ ಗಂಟೆ ಮುಂಚೆ ಒಂದು, ರಾತ್ರಿ ಮುದ್ದೆಗೆ ಅರ್ಧ ಗಂಟೆ ಮುಂಚೆ ಇನ್ನೊಂದು. ಊಟವಾದ ಮೇಲೆ ನೆನಪಾಗಿ ನುಂಗಿದರೆ ಪೂರ್ತಿ ಗುಣ ಸಿಗದು. ಅಗಿಯಬೇಡಿ, ಪುಡಿ ಮಾಡಬೇಡಿ. ಹೊರಗಿನ ಲೇಪ ಒಡೆದರೆ ಔಷಧ ಜಠರದ ಆಮ್ಲದಲ್ಲೇ ಹಾಳಾಗುತ್ತದೆ.

ಟೊಮೆಟೊ ಕ್ರೇಟು ಎತ್ತಿ ಸೊಂಟ ಹಿಡಿದಾಗ ಡೈಕ್ಲೋಫಿನ್ಯಾಕ್ ತಿನ್ನುವ ರೂಢಿ ಇದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬ್ಯಾಕ್ಟೀರಿಯಾ ಇಲ್ಲದೆಯೂ ಅದೊಂದೇ ಹುಣ್ಣು ಮಾಡಬಲ್ಲದು.

ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರದ ಮೇಲೆ, ಕೊನೆಯ ಎರಡು ವಾರ ಗ್ಯಾಸ್ ಮಾತ್ರೆಯನ್ನೂ ಬಿಟ್ಟು, ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿ. ರಕ್ತದ ಪರೀಕ್ಷೆ ಇದಕ್ಕೆ ಆಗದು, ಬ್ಯಾಕ್ಟೀರಿಯಾ ಹೋದ ಮೇಲೂ ಅದು ತಿಂಗಳುಗಟ್ಟಲೆ ‘ಇದೆ’ ಅನ್ನುತ್ತದೆ.