ಅದನ್ನು ಬರೆದದ್ದು ಯಾವಾಗ?

ಇಂಟರ್ನೆಟ್ ಕಂಡುಹಿಡಿದವರು ಯಾರು, ಒಂದು ಹೆಸರು ಹೇಳಿ ಸಾಕು ಎಂದು ಕೇಳುವವರ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಕ್ವಿಜ್‌ಗೋ ಭಾಷಣಕ್ಕೋ ಬೇಕಿರುತ್ತೆ, ಕೇಳುತ್ತಾರೆ. ಒಂದೇ ಹೆಸರು ಇಲ್ಲ ಅಂದರೆ ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಾರೆ. ನನ್ನ ತಾಳ್ಮೆ ಕೆಡಿಸುವವರು ಬೇರೆ. ಅವರು ಓದಿಕೊಂಡೇ ಬಂದಿರುತ್ತಾರೆ. "ಮೇಡಂ, ಆಧಾರ ಇದೆ. ಅಲ್ಲಿದ್ದವರೇ ಹೇಳಿದ್ದಾರೆ" ಎಂದು ಒಂದು ಪುಟ ಮುಂದಿಡುತ್ತಾರೆ. ಪುಟದಲ್ಲಿರುವುದು 1969ರ ಕಥೆ. ಅವರು ಅದನ್ನು ಹೇಳಿದ್ದು 1999ರಲ್ಲಿ. ನಡುವೆ 30 ವರ್ಷ ಕಳೆದಿದೆ ಅನ್ನೋದು ಇವರ ಕಣ್ಣಿಗೇ ಬೀಳುವುದಿಲ್ಲ.

ಕಂಪ್ಯೂಟರ್ ಜಾಲಗಳ ಹಳೆಯ ಕಾಗದ, ಟೇಪು, ಸಂದರ್ಶನಗಳನ್ನು ಜೋಡಿಸಿಡುವುದು ನನ್ನ ಕೆಲಸ. ಇಲ್ಲಿ ಪ್ರತಿ ದಾಖಲೆಗೂ ಎರಡು ತಾರೀಖು ಇರುತ್ತವೆ. ವಿಷಯ ನಡೆದದ್ದು ಒಂದು ದಿನ, ಅದನ್ನು ಬರೆದದ್ದು ಇನ್ನೊಂದು ದಿನ. ಮೊದಲನೆಯದನ್ನು ಎಲ್ಲರೂ ನೋಡುತ್ತಾರೆ. ಎರಡನೆಯದನ್ನು ಕೇಳಿದರೆ "ಅದ್ಯಾಕೆ ಬೇಕು?" ಅಂತಾರೆ.

ಯಾಕೆ ಬೇಕು ಅಂದರೆ, ಎಲ್ಲರಿಗೂ ಗೊತ್ತಿರುವ ಕಥೆಯನ್ನೇ ತಗೊಳ್ಳಿ. 1969ರ ಅಕ್ಟೋಬರ್ 29ರ ರಾತ್ರಿ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ, ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಎಸ್‌ಆರ್‌ಐಯಲ್ಲಿ, ಬಿಲ್ ಡುವಾಲ್. ಕ್ಲೈನ್ 'ಲಾಗಿನ್' ಎಂದು ಟೈಪ್ ಮಾಡಲು ಹೊರಟರು. ಎಲ್ ಹೋಯಿತು, ಒ ಹೋಯಿತು, ಜಿ ಒತ್ತುವಷ್ಟರಲ್ಲಿ ಆ ಕಡೆಯ ವ್ಯವಸ್ಥೆ ಕೈಕೊಟ್ಟಿತು. ಇಂಟರ್ನೆಟ್‌ಗೆ ಮೂಲವಾದ ಅರ್ಪಾನೆಟ್ ಎಂಬ ಜಾಲದ ಮೊದಲ ಸಂದೇಶ ಎರಡೇ ಅಕ್ಷರ. ಚೆಂದದ ಕಥೆ, ಅಲ್ವಾ?

ಆ ರಾತ್ರಿಯ ಲಾಗ್ ಪುಸ್ತಕ, ಅಂದರೆ ಕೆಲಸದ ದಿನಚರಿ, ಯುಸಿಎಲ್‌ಎಯಲ್ಲಿ ಉಳಿದಿದೆ. ಕೈಬರಹ. 22:30ರ ಎದುರಿಗೆ ಇರುವುದು ಇಷ್ಟೇ: ಎಸ್‌ಆರ್‌ಐ ಜೊತೆ ಮಾತಾಡಿದ್ದಾಯಿತು, ಹೋಸ್ಟ್‌ನಿಂದ ಹೋಸ್ಟ್‌ಗೆ, ಅಂದರೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ. ಎಲ್ ಇಲ್ಲ, ಒ ಇಲ್ಲ, ಕೈಕೊಟ್ಟ ಸುದ್ದಿಯೂ ಇಲ್ಲ. ಆ 22:30 ಅರ್ಧಕ್ಕೆ ನಿಂತ ಪ್ರಯತ್ನದ್ದೋ, ಆಮೇಲೆ ಸರಿಹೋದದ್ದೋ ಅನ್ನುವುದನ್ನೂ ಆ ಸಾಲು ಹೇಳುವುದಿಲ್ಲ.

ಹಾಗಾದರೆ ಎರಡಕ್ಷರದ ಕಥೆ ಸುಳ್ಳಾ? ಇಲ್ಲ, ನಾನು ಹಾಗೆ ಹೇಳುತ್ತಿಲ್ಲ. ಎರಡೂ ತುದಿಯಲ್ಲಿದ್ದವರು ಹೇಳುವುದು ಹೆಚ್ಚು ಕಡಿಮೆ ಹೊಂದುತ್ತದೆ. ನಂಬಲು ಸಾಕಷ್ಟು ಕಾರಣವಿದೆ. ನಾನು ಹೇಳುವುದು ಇಷ್ಟೇ: ಗಂಟೆ ನಮಗೆ ಸಿಕ್ಕಿರುವುದು ಅಂದೇ ಬರೆದ ಸಾಲಿನಿಂದ, ಅಕ್ಷರಗಳು ಸಿಕ್ಕಿರುವುದು ಆಮೇಲಿನ ನೆನಪಿನಿಂದ. ಪ್ರದರ್ಶನದ ಫಲಕದ ಮೇಲೆ ಎರಡನ್ನೂ ಒಂದೇ ವಾಕ್ಯದಲ್ಲಿ ಹೊಸೆದುಬಿಟ್ಟರೆ ಮುಂದೆ ಬರುವವರಿಗೆ ಅದನ್ನು ಬಿಡಿಸಲು ಆಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ "ಲಾಗ್ ಪುಸ್ತಕದಲ್ಲಿ ದಾಖಲಾದಂತೆ ಎಲ್ ಮತ್ತು ಒ" ಎಂದೇ ಬರೆದು ತರುತ್ತಾರೆ! ಲಾಗ್ ನೋಡಿದಿರಾ ಅಂದರೆ, ಇಲ್ಲ.

ಮೊದಲ ಇಮೇಲ್ ವಿಷಯದಲ್ಲಿ ರೇ ಟಾಮ್ಲಿನ್ಸನ್ ನಮಗೆ ಉಪಕಾರ ಮಾಡಿದ್ದಾರೆ. 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಳಿಸಿ ನೋಡಿದ ಪರೀಕ್ಷಾ ಸಂದೇಶದಲ್ಲಿ ಏನಿತ್ತೋ ಮರೆತುಹೋಗಿದೆ, ಕೀಬೋರ್ಡಿನ ಮೇಲಿನ ಸಾಲಿನ ಅಕ್ಷರಗಳೋ ಅಂಥದ್ದೇನೋ ಇರಬೇಕು ಎಂದರು. ಜನ ಆ 'ಇರಬೇಕು' ಬಿಟ್ಟು ಉಳಿದದ್ದನ್ನು ಬರೆದುಕೊಂಡರು.

ಅಣುಬಾಂಬಿನ ಕಥೆ ಇದಕ್ಕಿಂತ ಗೋಜಲು. ಅಣುಯುದ್ಧದಲ್ಲೂ ಉಳಿಯಲಿ ಎಂದೇ ಅರ್ಪಾನೆಟ್ ಕಟ್ಟಿದರು ಎಂದು ಎಲ್ಲೆಡೆ ಓದುತ್ತೀರಿ. ದಾಳಿಯಲ್ಲಿ ಉಳಿಯುವ ಜಾಲದ ಬಗ್ಗೆ ರ‍್ಯಾಂಡ್ ಸಂಶೋಧನಾ ಸಂಸ್ಥೆಯ ಪಾಲ್ ಬ್ಯಾರನ್ ಬರೆದದ್ದು ನಿಜ, ಆ ವರದಿಗಳು 1964ರವು. ಆದರೆ 1966ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಅರ್ಪಾದಲ್ಲಿ ಈ ಜಾಲಕ್ಕೆ ಹಣ ಕೇಳಿದ ಬಾಬ್ ಟೇಲರ್, ಯುದ್ಧಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಕಡೆಯವರೆಗೂ ಹೇಳಿದರು. ಅವರ ಕೋಣೆಯಲ್ಲಿ ಮೂರು ಟರ್ಮಿನಲ್, ಅಂದರೆ ದೂರದ ಕಂಪ್ಯೂಟರಿಗೆ ಟೈಪ್ ಮಾಡುವ ಯಂತ್ರ, ಇದ್ದವು. ಒಂದೊಂದೂ ಬೇರೆ ಬೇರೆ ಊರಿನ ಕಂಪ್ಯೂಟರಿಗೆ. ಒಂದರಿಂದ ಇನ್ನೊಂದಕ್ಕೆ ಎದ್ದುಹೋಗುವ ಕಾಟ ತಪ್ಪಲಿ, ಕಂಪ್ಯೂಟರುಗಳನ್ನು ಹಂಚಿಕೊಳ್ಳೋಣ ಎಂಬುದು ಅವರ ಮಾತು. ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? 1970ರ ದಶಕದ ಮೊದಲ ಭಾಗದಲ್ಲಿ ಅರ್ಪಾದ ನಿರ್ದೇಶಕರಾಗಿದ್ದ ಸ್ಟೀಫನ್ ಲುಕಾಸಿಕ್ 2011ರಲ್ಲಿ ಒಂದು ಲೇಖನ ಬರೆದರು. ಸೇನೆಯ ಆಜ್ಞೆ ಮತ್ತು ನಿಯಂತ್ರಣದ ಅಗತ್ಯ ಇದರ ಹಿಂದೆ ಇದ್ದೇ ಇತ್ತು ಎಂದರು. ಇಬ್ಬರೂ ಅಲ್ಲಿದ್ದವರೇ. ಇಬ್ಬರೂ ಸುಳ್ಳು ಹೇಳುವವರಲ್ಲ. ಹಣ ಕೇಳಿದವರಿಗೆ ಕಂಡದ್ದು ಒಂದು, ಹಣ ಯಾಕೆ ಅಂತ ಮೇಲಿನವರಿಗೆ ವಿವರಿಸಬೇಕಾದವರಿಗೆ ಕಂಡದ್ದು ಇನ್ನೊಂದು. 'ಅಲ್ಲಿದ್ದವರೇ ಹೇಳಿದ್ದಾರೆ' ಅನ್ನುವವರಿಗೆ ನನ್ನ ಪ್ರಶ್ನೆ: ಅಲ್ಲಿ ಅಂದರೆ ಯಾವ ಕುರ್ಚಿಯಲ್ಲಿ?

ಸಂದೇಶವನ್ನು ಚಿಕ್ಕ ತುಂಡುಗಳಾಗಿ ಒಡೆದು ಕಳಿಸುವ ಪ್ಯಾಕೆಟ್ ಸ್ವಿಚಿಂಗ್ ಯಾರದ್ದು ಎಂಬ ಜಗಳದಲ್ಲಿ ನಾನು ತೀರ್ಪು ಕೊಡುವುದಿಲ್ಲ. ಬ್ಯಾರನ್ ಒಂದು ಕಡೆ, 1965ರಲ್ಲಿ ತಾವೇ ಯೋಚಿಸಿ ಅಲ್ಲಿಗೆ ತಲುಪಿದ ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಇನ್ನೊಂದು ಕಡೆ. 1960ರ ದಶಕದ ಆರಂಭದಲ್ಲಿ ಎಂಐಟಿಯಲ್ಲಿ ಸಂದೇಶಗಳ ಸರತಿಯ ಗಣಿತ ಬರೆದ ಲೆನಾರ್ಡ್ ಕ್ಲೈನ್‌ರಾಕ್, ಅಡಿಪಾಯ ನನ್ನದು ಎಂದರು. ಅದಕ್ಕೆ ಡೇವಿಸ್ ಬರೆದ ಉತ್ತರ ಅಚ್ಚಾದದ್ದು 2001ರಲ್ಲಿ. ಅಷ್ಟರಲ್ಲಿ ಡೇವಿಸ್ ತೀರಿಕೊಂಡಿದ್ದರು. ಓದುವವರು ಜಗಳದ ಮಾತನ್ನೇ ಓದುತ್ತಾರೆ. 1967ರಲ್ಲಿ ಅಮೆರಿಕದ ಗ್ಯಾಟ್ಲಿನ್‌ಬರ್ಗ್‌ನಲ್ಲಿ ನಡೆದ ಕಂಪ್ಯೂಟರ್ ತಜ್ಞರ ಸಭೆಗೆ ಅಚ್ಚಾದ ಪ್ರಬಂಧಗಳನ್ನು ತೆರೆಯುವವರು ಕಡಿಮೆ. ಅವು ಇನ್ನೂ ಯಾರಿಗೂ ಬಿರುದು ಬೇಡವಾಗಿದ್ದ ಕಾಲದ್ದು. ನನಗೆ ಅವೇ ಇಷ್ಟ.

ಹಾಗಂತ ಮುದುಕರ ನೆನಪು ಬೇಡ ಅಂತಲ್ಲ. ನಿವೃತ್ತ ಎಂಜಿನಿಯರ್ ಒಬ್ಬರನ್ನು ಮಾತಾಡಿಸುತ್ತಿದ್ದೆ. ಜಾಲ ಮೊದಲ ಸಲ ಕೆಲಸ ಮಾಡಿದ ರಾತ್ರಿಯನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಿದರು. ಯಾರು ಎಲ್ಲಿ ನಿಂತಿದ್ದರು, ಯಾರು ನಕ್ಕರು, ಎಲ್ಲ. ಆಮೇಲೆ ಅವರ ಮನೆಯ ಡಬ್ಬದಲ್ಲೇ ಅವರ ಡೈರಿ ಸಿಕ್ಕಿತು. ಆ ವಾರ ಅವರು ಬೇರೆ ಊರಲ್ಲಿದ್ದರು. ಜೊತೆಗಾರರ ಬಾಯಲ್ಲಿ ಕೇಳೀ ಕೇಳೀ ಕಥೆ ಇವರದೇ ಆಗಿಹೋಗಿತ್ತು. ಡೈರಿ ತೋರಿಸಿದಾಗ ಸಿಟ್ಟಾದರು, ಕಾಫಿ ಕೂಡ ಕುಡಿಯದೆ ಎದ್ದುಹೋದರು. ಮಾರನೇ ದಿನ ಅವರೇ ಫೋನ್ ಮಾಡಿ, "ನೋಡಮ್ಮಾ, ನಾನು ನಿಜವಾಗಿ ಮಾಡಿದ್ದು ಹೇಳ್ತೀನಿ" ಎಂದು ಸರಿಯಾಗಿ ಕೂರದ ಕನೆಕ್ಟರುಗಳ ಬಗ್ಗೆ ಇಡೀ ಬೆಳಿಗ್ಗೆ ಮಾತಾಡಿದರು. ಆ ವಿವರ ಯಾವ ವರದಿಯಲ್ಲೂ ಇರಲಿಲ್ಲ. ಅಂದಿನಿಂದ ನಾನು ಯಾರಿಗೂ 'ಯಾವಾಗ' ಅಂತ ಮೊದಲು ಕೇಳುವುದಿಲ್ಲ. ಕೈಯಲ್ಲಿ ಏನು ಹಿಡಿದಿದ್ದಿರಿ ಅಂತ ಕೇಳುತ್ತೇನೆ.

ವೆಬ್ ಕಾಲಕ್ಕೆ ಬಂದರೆ ಇನ್ನೊಂದು ಪೇಚು. ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ ಮಾಡಿದ ಮೊದಲ ಪುಟವನ್ನು ಮತ್ತೆ ಮತ್ತೆ ತಿದ್ದುತ್ತಿದ್ದರು. ಹೊಸದು ಹಾಕಿದಂತೆ ಹಳೆಯದು ಅಳಿದುಹೋಯಿತು. 2013ರಲ್ಲಿ ಸರ್ನ್ ಆ ಪುಟವನ್ನು ಮತ್ತೆ ನಿಲ್ಲಿಸಿದಾಗ ಕೈಗೆ ಸಿಕ್ಕಿದ್ದು 1992ರ ಪ್ರತಿ. ಆ ಸುದ್ದಿ ಹರಡಿದ ಮೇಲೆ ನಾರ್ತ್ ಕೆರೊಲಿನಾದ ಪ್ರೊಫೆಸರ್ ಪಾಲ್ ಜೋನ್ಸ್ ಬಳಿಯ ನೆಕ್ಸ್ಟ್ ಎಂಬ ಕಂಪನಿಯ ಹಳೆಯ ಕಂಪ್ಯೂಟರಿನಲ್ಲಿ 1991ರದು ಎನ್ನಲಾದ ಪ್ರತಿ ಹೊರಬಂತು.

ಇದನ್ನು ಕೇಳಿದವರು ಈಗ ಅಟ್ಟದ ಮೇಲಿನ ಕಂಪ್ಯೂಟರ್ ಇಳಿಸುತ್ತಾರೆ. ಒಳ್ಳೆಯದೇ. ಆದರೆ ಸುಮ್ನೆ ಒಮ್ಮೆ ಆನ್ ಮಾಡಿ ನೋಡೋಣ ಅಂತ ಹೋಗಬೇಡಿ. ಆನ್ ಆಗುವಾಗಲೇ ಅದು ಎಷ್ಟೋ ಫೈಲುಗಳ ಮೇಲೆ ಇವತ್ತಿನ ತಾರೀಖು ಒತ್ತಿಬಿಡುತ್ತದೆ. ಮೂಲ ಡಿಸ್ಕಿಗೆ ಏನೂ ಬರೆಯದಂತೆ ತಡೆದು ಪ್ರತಿ ತೆಗೆಯುವ ಸಲಕರಣೆ ನಮ್ಮಲ್ಲಿರುತ್ತದೆ. ಧೂಳು ಕೂಡ ಒರೆಸಬೇಡಿ, ಮೇಲೆ ಅಂಟಿಸಿದ ಚೀಟಿ ಕೀಳಬೇಡಿ, ಹಾಗೇ ತನ್ನಿ.