ಜಾಗರಣೆಯ ನಾಲ್ಕನೇ ಜಾವ

ಶಿವರಾತ್ರಿ ಜಾಗರಣೆ ಮಾಡಿದವರನ್ನು ಯಾವ ಹೊತ್ತು ಕಷ್ಟ ಆಯ್ತು ಅಂತ ಕೇಳಿ ನೋಡಿ. ಶಿವಮೊಗ್ಗದ ಹರಕೆರೆ ರಾಮೇಶ್ವರನ ಗುಡಿಯಲ್ಲಿ ಕೂತವರಾಗಲಿ, ಸಾಗರದ ಹತ್ತಿರ ಇಕ್ಕೇರಿ ಅಘೋರೇಶ್ವರನ ಮುಂದೆ ಕೂತವರಾಗಲಿ, ಹೆಚ್ಚಿನವರು ಹೇಳುವುದು ಒಂದೇ: ಮೂರನೇ ಜಾವದ ಪೂಜೆ ಮುಗಿದು ನಾಲ್ಕನೇದು ಶುರುವಾದ ಮೇಲೆ. ಹನ್ನೆರಡು ಗಂಟೆಗೆ ಭಜನೆ ಜೋರಾಗಿಯೇ ಇರುತ್ತದೆ. ನಾಲ್ಕು ಗಂಟೆಗೆ ತಾಳ ಹಿಡಿದ ಕೈ ತೊಡೆ ಮೇಲೆ ಇಳಿದಿರುತ್ತದೆ, ಬಾಯಿ ಮಾತ್ರ ‘ನಮಃ ಶಿವಾಯ’ ಅನ್ನುತ್ತಿರುತ್ತದೆ. ಆರೂವರೆಗೆ ಅದೇ ಜನ ಗೆಲುವಾಗಿ ಮಾತಾಡಿಕೊಂಡು ಮನೆಗೆ ಹೊರಡುತ್ತಾರೆ. ಇನ್ನೂ ಎರಡೂವರೆ ಗಂಟೆ ನಿದ್ದೆಗೆಟ್ಟ ಮೇಲೆ ತೂಕಡಿಕೆ ಜಾಸ್ತಿ ಆಗಬೇಕಿತ್ತು, ಅಲ್ವಾ? ಕಡಿಮೆ ಆಗಿದ್ದು ಹೇಗೆ?

ಆ ರಾತ್ರಿ ಗ್ರಹಗಳು ಬೆನ್ನುಹುರಿಯಲ್ಲಿ ಶಕ್ತಿಯನ್ನು ಮೇಲಕ್ಕೆ ಎಳೆಯುತ್ತವೆ ಅನ್ನುವ ವಾಟ್ಸಾಪ್ ಸಂದೇಶ ಪ್ರತಿ ವರ್ಷ ಬರುತ್ತದೆ. ಓದಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಸೂರ್ಯ, ಚಂದ್ರ ಹೆಚ್ಚುಕಡಿಮೆ ಅದೇ ಕೋನದಲ್ಲಿ ನಿಲ್ಲುವ ಬಹುಳ ಚತುರ್ದಶಿ ತಿಂಗಳಿಗೊಮ್ಮೆ ಬರುತ್ತದೆ. ಆಗ ಯಾರ ನಿದ್ದೆಯೂ ಹಾರಿಹೋಗುವುದಿಲ್ಲ. ನಿಜವಾದ ಕಾರಣ ನಮ್ಮ ತಲೆಯೊಳಗೇ ಇದೆ, ಕಟ್ಟುಕಥೆಗಿಂತ ಎಷ್ಟೋ ಚೆನ್ನಾಗಿದೆ.

ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ. ಜೀವಕೋಶ ಶಕ್ತಿ ಖರ್ಚು ಮಾಡಿದಾಗ ಉಳಿಯುವ ಚೂರು ಅದು. ಅದು ಹೆಚ್ಚಾದಷ್ಟೂ ನಿದ್ದೆ ಒತ್ತಿಕೊಂಡು ಬರುತ್ತದೆ. ನಮ್ಮ ಕಾಫಿ ಕೆಲಸ ಮಾಡುವುದು ಇಲ್ಲೇ. ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂತುಬಿಡುತ್ತದೆ.

ಇದೊಂದೇ ಆಗಿದ್ದರೆ ಸಂಜೆ ಏಳಕ್ಕೇ ನಾವು ಉರುಳಬೇಕಿತ್ತು. ಹಾಗಾಗದಂತೆ ತಡೆಯುವುದು ಮಿದುಳಿನ ಗಡಿಯಾರ. ಎರಡು ಕಣ್ಣಿನ ನರಗಳು ಅಡ್ಡಹಾಯುವ ಜಾಗದ ಮೇಲೆ ಕೂತಿರುವ ಸುಮಾರು 20,000 ನರಕೋಶಗಳ ಗುಂಪು ಅದು. ನಿದ್ದೆಯ ಒತ್ತಡ ಮತ್ತು ಗಡಿಯಾರ, ಈ ಎರಡರ ಲೆಕ್ಕವನ್ನು ಒಟ್ಟಿಗೆ ಇಟ್ಟು ವಿವರಿಸಿದವರು ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ, 1982ರಲ್ಲಿ.

ತಲೆ ಮೇಲೆ ಅಡಿಕೆ ಮೂಟೆ ಹೊತ್ತವನನ್ನು ನೆನೆಸಿಕೊಳ್ಳಿ. ಗಂಟೆಗಂಟೆಗೂ ಮೂಟೆಗೆ ಅಡಿಕೆ ಬೀಳುತ್ತಲೇ ಇದೆ. ಹಿಂದಿನಿಂದ ಒಬ್ಬ ಕೈ ಕೊಟ್ಟು ಎತ್ತಿ ಹಿಡಿದಿದ್ದಾನೆ. ಭಾರ ಏರಿದ ಹಾಗೆ ಅವನೂ ಬಲ ಹಾಕುತ್ತಾನೆ. ರಾತ್ರಿ ಹತ್ತು, ಹನ್ನೊಂದರ ಮೇಲೆ ಮೆಲ್ಲಗೆ ಕೈ ಬಿಡುತ್ತಾ ಬರುತ್ತಾನೆ. ನಾಲ್ಕರ ಸುಮಾರಿಗೆ ಅವನ ಕೈ ಇಲ್ಲವೇ ಇಲ್ಲ, ಇಡೀ ಮೂಟೆ ಹೊತ್ತವನ ಕುತ್ತಿಗೆ ಮೇಲೆ. ಬೆಳಕು ಹರಿಯುವಾಗ ವಾಪಸ್ ಬಂದು ಕೈ ಕೊಡುತ್ತಾನೆ. ಮೂಟೆ ಇಳಿದಿಲ್ಲ, ಇನ್ನೂ ದೊಡ್ಡದಾಗಿದೆ. ಹಗುರ ಅನ್ನಿಸುತ್ತದೆ ಅಷ್ಟೆ.

ಮೈ ಬಿಸಿಯೂ ದಿನದಲ್ಲೇ ಅತಿ ಕಡಿಮೆ ಆಗುವುದು ಆ ಹೊತ್ತಿಗೇ. ಕಂಬಳಿ ಹೊದ್ದರೂ ಒಳಗಿನಿಂದ ಚಳಿ ಹತ್ತುವುದು ಅದಕ್ಕೆ.

ಈ ಗಡಿಯಾರದ ಸುಳಿವು ಮೊದಲು ಕೊಟ್ಟಿದ್ದು ಒಂದು ಗಿಡ. 1729ರಲ್ಲಿ ಫ್ರಾನ್ಸಿನ ಡಿ ಮೆರಾನ್ ಎಂಬ ಖಗೋಳ ವಿಜ್ಞಾನಿ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿ ಇಟ್ಟರು. ನಮ್ಮ ತೋಟದ ದಾರಿಯಲ್ಲಿ ಕಾಲಿಗೆ ಚುಚ್ಚುತ್ತದಲ್ಲ, ಆ ಬಗೆಯದು. ಬಿಸಿಲು ಕಾಣದಿದ್ದರೂ ಅದು ಹಗಲಿಗೆ ಎಲೆ ಬಿಚ್ಚಿ, ರಾತ್ರಿಗೆ ಮುಚ್ಚುತ್ತಿತ್ತು. ಜೀವಕೋಶದೊಳಗೆ ಈ ಗಡಿಯಾರ ಹೇಗೆ ಓಡುತ್ತದೆ ಅಂತ ಹಣ್ಣಿನ ನೊಣಗಳಲ್ಲಿ ಹುಡುಕಿದ ಹಾಲ್, ರಾಸ್‌ಬ್ಯಾಶ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಉಪವಾಸಕ್ಕೂ ಜಾಗರಣೆಗೂ ಒಳಗೊಳಗೇ ನಂಟಿದೆ. ಮಿದುಳಿನಲ್ಲಿ ಎಚ್ಚರ ಕಾಯುವ ಒರೆಕ್ಸಿನ್ ನರಕೋಶಗಳಿವೆ, 1998ರಲ್ಲಿ ಗೊತ್ತಾಗಿದ್ದು. ರಕ್ತದಲ್ಲಿ ಸಕ್ಕರೆ ಏರಿದರೆ ಇವು ತಣ್ಣಗಾಗುತ್ತವೆ, ಇಳಿದರೆ ಚುರುಕಾಗುತ್ತವೆ ಅಂತ ಇಲಿಗಳ ಪ್ರಯೋಗ ತೋರಿಸಿದೆ. ಹಸಿದ ಪ್ರಾಣಿ ಮಲಗಿದರೆ ಊಟ ಸಿಗುವುದಿಲ್ಲವಲ್ಲ. ಹಾಗಂತ ಒಂದು ದಿನದ ಉಪವಾಸದಿಂದ ಮೈಯ ವಿಷವೆಲ್ಲ ಹೊರಗೆ ಹೋಗುತ್ತದೆ ಅನ್ನುವುದು ಸುಳ್ಳು. ಆ ಕೆಲಸವನ್ನು ಯಕೃತ್ತು, ಮೂತ್ರಪಿಂಡ ದಿನಾ ಮಾಡುತ್ತಿವೆ. ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಕೂರಲೇಬಾರದು.

ಬಿಲ್ವದ ಮರ ಹತ್ತಿದ ಬೇಡನ ಕಥೆ ಗೊತ್ತಲ್ಲ. ಹುಲಿ ಬಂದೀತು, ನಿದ್ದೆ ಬಂದರೆ ಬಿದ್ದೇನು ಅಂತ ರಾತ್ರಿಯೆಲ್ಲ ಎಲೆ ಕಿತ್ತು ಕೆಳಗೆ ಹಾಕುತ್ತಿದ್ದ. ಕೈಗೆ ಕೆಲಸ ಕೊಟ್ಟು ನಿದ್ದೆ ತಡೆದ ಅವನ ಉಪಾಯ ಇಂದಿಗೂ ಸರಿ. ಯಕ್ಷಗಾನದ ಆಟ ನೋಡುವವರಿಗೂ ಇದು ಗೊತ್ತು: ಬೆಳಗಿನ ಜಾವ ಚಂಡೆ ಬಿದ್ದರೆ ಕಣ್ಣು ಬಿಡುತ್ತದೆ, ಭಾಗವತರು ಪದ ನಿಧಾನ ಮಾಡಿದರೆ ಮತ್ತೆ ಮುಚ್ಚುತ್ತದೆ.

ನನಗೆ ಭಯ ಇರುವುದು ಬೆಳಿಗ್ಗೆಯ ಆ ಗೆಲುವಿನ ಬಗ್ಗೆ. 24 ಗಂಟೆ ನಿದ್ದೆಯಿಲ್ಲದವರ ಕೈಚಳಕ, ರಕ್ತದಲ್ಲಿ 0.10% ಮದ್ಯ ಇರುವವರಷ್ಟೇ ಕೆಟ್ಟಿರುತ್ತದೆ ಅಂತ 1997ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿತು. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 0.03%. ಕಣ್ಣು ತೆರೆದಿದ್ದಾಗಲೂ ಮಿದುಳು ಮೂರ್ನಾಲ್ಕು ಸೆಕೆಂಡು ಮಲಗಿಬಿಡಬಹುದು. ತೀರ್ಥಹಳ್ಳಿ, ಆಗುಂಬೆ ಕಡೆಯ ತಿರುವುಗಳಲ್ಲಿ ಅಷ್ಟು ಸಾಕು. ಪಾರಣೆ ಆದ ಮೇಲೆ ಎರಡು ಗಂಟೆ ಮಲಗಿ ಹೊರಡಿ. ಸಂಜೆವರೆಗೂ ಮಲಗಬಾರದು ಅನ್ನುವ ಪದ್ಧತಿ ಮನೆಯಲ್ಲಿದ್ದರೆ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿದವರ ಕೈಗೆ ಗಾಡಿ ಕೀ ಕೊಡಿ.